ಎಡವಿದವರ ಪುಸ್ತಕ

ನಮ್ಮೂರಿನಲ್ಲಿ ಸಂಬಳದ ಕೆಲಸ ವರ್ಷಕ್ಕೊಮ್ಮೆ ಮರೆತುಹೋಗುತ್ತದೆ. ಮಾಗಿಯ ಚಳಿ ಹಿಂದೆಗೆಯುವ ಹೊತ್ತಿಗೆ ಒಂದು ಗುರುವಾರ ಬರುತ್ತದೆ. ಅವತ್ತು ಬೆಳಿಗ್ಗೆ ಎದ್ದರೆ ಹಿಂದಿನ ದಿನದವರೆಗೆ ಕೈಯಲ್ಲಿದ್ದ ಕಸಬು ಕೈಯಲ್ಲಿರುವುದಿಲ್ಲ. ಗಂಡ, ಹೆಂಡತಿ, ಮಕ್ಕಳು ನೆನಪಿರುತ್ತಾರೆ. ಯಾರ ಮೇಲೆ ಯಾಕೆ ಮುನಿಸಿಕೊಂಡಿದ್ದೆವು ಅನ್ನುವುದಂತೂ ಒಂದಕ್ಷರ ಬಿಡದೆ ನೆನಪಿರುತ್ತದೆ. ಯಾವ ಕೆಲಸಕ್ಕೆ ಯಾರಾದರೂ ದುಡ್ಡು ಕೊಡುತ್ತಾರೋ ಆ ಕೆಲಸ ಮಾತ್ರ ಹೋಗಿರುತ್ತದೆ. ಕ್ಷೌರದಂಗಡಿಯ ನಂಜುಂಡ ಕತ್ತರಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ ಕೂತಿರುತ್ತಾನೆ, ಊರಿನ ಗಂಡಸರೆಲ್ಲ ಗಡ್ಡ ಬಿಟ್ಟುಕೊಂಡು ತಿರುಗುತ್ತಾರೆ, ಆ ವಾರದಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ದಕ್ಷಿಣೆ ಸಂಬಳವಲ್ಲ ಎಂದು ವರ್ಷವರ್ಷವೂ ವಾದಿಸುವ ನಮ್ಮ ಅರ್ಚಕರು ಅವತ್ತು ಗಂಟೆ ಹಿಡಿದು ಬಾಯಿ ತೆರೆದರೆ ಮಂತ್ರ ಬರುವುದಿಲ್ಲ. ವಾದ ಮಾತ್ರ ಹಾಗೇ ಉಳಿದಿರುತ್ತದೆ. ಬಸ್ ನಿಲ್ದಾಣದ ಹೋಟೆಲಿನ ಭಟ್ಟರಿಗೆ ದೋಸೆ ಹುಯ್ಯಲು ಬಾರದಾದಾಗ ಅವರ ಹೆಂಡತಿ ಬಂದು ಕಾವಲಿಯ ಮುಂದೆ ನಿಲ್ಲುತ್ತಾರೆ. ಮೂವತ್ತು ವರ್ಷ ಮನೆಯಲ್ಲಿ ಪುಕ್ಕಟೆ ಹುಯ್ದ ದೋಸೆ ಅವರದು, ಅದು ಮರೆಯುವುದಿಲ್ಲ.

ನಾನು ವನಜಾಕ್ಷಿ, ನೀರು ಸರಬರಾಜು ಕಚೇರಿಯ ತರಬೇತಿ ಶಾಖೆಯಲ್ಲಿ ಗುಮಾಸ್ತೆ. ಬೇರೆ ಊರುಗಳ ಕಚೇರಿಗಳಲ್ಲಿ ತರಬೇತಿ ಶಾಖೆ ಅಂದರೆ ಯಾರಿಗೂ ಬೇಡವಾದವರನ್ನು ಕೂರಿಸುವ ಜಾಗವಂತೆ. ನಮ್ಮಲ್ಲಿ ಹಾಗಲ್ಲ. ಮರೆವಿನ ಹಿಂದಿನ ದಿನ ಕಚೇರಿ ಅಂಗಳದ ದೊಡ್ಡ ಟ್ಯಾಂಕನ್ನು ಕಂಠಮಟ್ಟ ತುಂಬಿಸುತ್ತೇವೆ. ಟ್ಯಾಂಕಿನ ಬುಡದ ನಲ್ಲಿಗಳಿಂದ ಜನ ಹೊತ್ತೊಯ್ದರೆ ಆ ನೀರು ಒಂಬತ್ತು ದಿನ ಬರುತ್ತದೆ. ಅಷ್ಟರೊಳಗೆ ಪಂಪು ನಡೆಸುವವರು, ಬೀದಿಬೀದಿಗೆ ವಾಲ್ವ್ ತಿರುಗಿಸಿ ನೀರು ಬಿಡುವ ನೀರಗಂಟಿಗಳು, ಪೈಪು ಜೋಡಿಸುವವರು, ಔಷಧಿ ಬೆರೆಸುವವರು, ಒಟ್ಟು ಎಂಬತ್ತಾರು ಜನ ತಮ್ಮ ಕೆಲಸವನ್ನು ಮತ್ತೆ ಕಲಿಯಬೇಕು. ಕಲಿಸುವವರು ನಾವು. ಕಲಿಸುವುದೂ ಸಂಬಳದ ಕೆಲಸವೇ ಆದ್ದರಿಂದ ಅವತ್ತು ಅದೂ ಮರೆತಿರುತ್ತದೆ ಅನ್ನುವುದು ನಮ್ಮ ಕರ್ಮ. ಅದಕ್ಕೆಂದೇ ಶಾಖೆಯ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿತ್ತು: ‘ನೀವು ತರಬೇತಿ ಶಾಖೆಯವರು. ಗಾಬರಿಯಾಗಬೇಡಿ. ಮೊದಲು ಕಾಫಿ ಕುಡಿಯಿರಿ. ಆಮೇಲೆ ಹಸಿರು ಟ್ರಂಕು ತೆಗೆಯಿರಿ.’

ಆ ಹಾಳೆ ಬರೆದವರು, ಟ್ರಂಕು ತುಂಬಿಸಿದವರು ಶಾಖೆಯ ಮುಖ್ಯಸ್ಥೆ ಸರ್ವಮಂಗಳಮ್ಮ. ಕುಳ್ಳಗಿನ ಹೆಂಗಸು, ಹತ್ತಿ ಸೀರೆ, ಕಣ್ಣಿಗಿಂತ ಹಣೆಯ ಮೇಲೇ ಹೆಚ್ಚು ಹೊತ್ತು ಇರುವ ಕನ್ನಡಕ. ಅವರು ಬರುವ ಮೊದಲು, ಮರೆವಿನ ಹಿಂದಿನ ವಾರ ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಬರೆದಿಡುತ್ತಿದ್ದರಂತೆ. ಅದನ್ನೋದಿ ಕಲಿಯಲು ಒಂಬತ್ತು ದಿನವೂ ಸಾಲದೆ ಊರು ಬಾಯಾರಿ ಕೂರುತ್ತಿತ್ತಂತೆ. ಸರ್ವಮಂಗಳಮ್ಮ ಬಂದ ವರ್ಷವೇ ಇದನ್ನು ಕಂಡುಕೊಂಡರು. “ಗೊತ್ತಿರುವಾಗ ಬರೆದರೆ ಗೊತ್ತಿಲ್ಲದವನಿಗೆ ಬೇಕಾದ್ದೇ ಬಿಟ್ಟುಹೋಗಿರುತ್ತೆ ವನಜಾ,” ಎಂದು ನನಗೆ ಹೇಳುತ್ತಿದ್ದರು. ಹಾಗಾಗಿ ಅವರು ಬರೆಯುತ್ತಿದ್ದದ್ದು ಜನ ಮತ್ತೆ ಕಲಿಯುತ್ತಿದ್ದ ದಿನಗಳದ್ದು. ಯಾರು ಎಲ್ಲಿ ಎಡವಿದರು, ಎಡವಿ ಏನು ಮಾಡಿದರು, ಎಷ್ಟನೇ ಸಲಕ್ಕೆ ಎದ್ದರು. ಒಬ್ಬೊಬ್ಬರಿಗೆ ವರ್ಷಕ್ಕೊಂದು ಪುಟ. ಇಪ್ಪತ್ನಾಲ್ಕು ವರ್ಷದಲ್ಲಿ ಇಪ್ಪತ್ನಾಲ್ಕು ಪುಸ್ತಕ. ಮರೆವಿನ ಗುರುವಾರ ಆ ಪುಸ್ತಕಗಳನ್ನು ತೆರೆದಿಟ್ಟುಕೊಂಡು ಅವರು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು, ಏಳನೇ ದಿನಕ್ಕೆ ಊರಿನ ನಲ್ಲಿಗಳಲ್ಲಿ ನೀರು ಬರುತ್ತಿತ್ತು. ಇದು ಅವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಮೊದಲ ದಿನ ಕಚೇರಿ ವೇಳೆಯಲ್ಲಿ ಬರೆಯಲು ಕೂತಾಗಲೇ ಹಿಂದಿನ ಅಧಿಕಾರಿಯೊಬ್ಬರು “ಇದೇನ್ರೀ, ಚಾಡಿ ಪುಸ್ತಕನಾ?” ಎಂದು ಗದರಿದ್ದರಂತೆ. ಆಮೇಲಿಂದ ಮನೆಯಲ್ಲಿ ಬರೆದು ತರುತ್ತಿದ್ದರು.

ನಿಜ ಹೇಳುತ್ತೇನೆ, ನನಗೆ ಆ ಟ್ರಂಕು ಕಂಡರೆ ಆಗುತ್ತಿರಲಿಲ್ಲ. ನುಸಿಗುಳಿಗೆ ವಾಸನೆ, ಹಾಳೆ ಹಾಳೆಯಲ್ಲೂ ಧೂಳು, ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ತೆಗೆಯುವ ಕೆಲಸ ನನ್ನದು. ಹಾಗಾಗಿ ಕಚೇರಿಗೆ ಕಲಿಕೆಯ ಯಂತ್ರ ಬರುತ್ತದೆ ಎಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನೇ. ನಮ್ಮ ಇಂಜಿನಿಯರ್ ಪಂಚಾಕ್ಷರಿ ಒಳ್ಳೆಯ ಮನುಷ್ಯ, ಆದರೆ ಹೊಸ ಸಾಮಾನು ಕಂಡರೆ ಅವರ ಮುಖ ಹಬ್ಬದ ದಿನದಂತಾಗುತ್ತದೆ. ಅವರು ಪರವೂರಿನ ಒಂದು ಕಂಪನಿಯಿಂದ ನೂರು ಟ್ಯಾಬು ತರಿಸಿದರು. ಊರಿನವರು ಅದಕ್ಕೆ ಹಲಗೆ ಎಂದು ಹೆಸರಿಟ್ಟರು. ಹಲಗೆಯ ಜೊತೆ ಇಂಚರಾ ಎಂಬ ಹುಡುಗಿ ಬಂದಳು. ಇಪ್ಪತ್ತಾರು ವರ್ಷ, ಚುರುಕು, ಮಾತಿಗೊಮ್ಮೆ ನಗು. ಸಭೆಯಲ್ಲಿ ಪರದೆಯ ಮೇಲೆ ಎಲ್ಲ ತೋರಿಸಿದಳು. ಪಾಠ ನೋಡಿ ಮುಗಿಸಿದವರ ಹೆಸರಿನ ಮುಂದೆ ನಕ್ಷತ್ರ ಬೀಳುತ್ತದೆ, ಶಾಖೆಶಾಖೆಯ ಶೇಕಡಾವಾರು ಹಸಿರು ಪಟ್ಟಿಯಾಗಿ ಏರುತ್ತದೆ, ಅಧಿಕಾರಿಗಳು ಕೂತಲ್ಲೇ ನೋಡಬಹುದು. ಪಂಚಾಕ್ಷರಿ ಸಾಹೇಬರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಸರ್ವಮಂಗಳಮ್ಮ ಕನ್ನಡಕ ಕೆಳಗಿಳಿಸಿ ಕೇಳಿದರು: “ಪಾಠ ಮುಗಿಸಿದ್ದು ಗೊತ್ತಾಗುತ್ತೆ, ಸಂತೋಷ. ಎಲ್ಲಿ ಸಿಕ್ಕಿಹಾಕ್ಕೊಂಡ್ರು ಅಂತ ಗೊತ್ತಾಗುತ್ತೇನಮ್ಮಾ?”

“ಆ ಸೌಲಭ್ಯ ಇಲ್ಲ ಮೇಡಂ. ಯಾರೂ ಕೇಳಿರಲಿಲ್ಲ.”

“ನೀವು ಯಾರನ್ನ ಕೇಳಿದ್ರಿ?”

“ಆಫೀಸರ್‌ಗಳನ್ನ,” ಎಂದಳು ಇಂಚರಾ. ಸುಳ್ಳಾಡುವ ಹುಡುಗಿಯಲ್ಲ.

“ಕಲಿಸೋರನ್ನ?”

ಇಂಚರಾ ಸಾಹೇಬರ ಮುಖ ನೋಡಿದಳು. ಸಾಹೇಬರು ಗಡಿಯಾರ ನೋಡಿದರು. ಸಭೆ ಮುಗಿಯಿತು. ಮರುದಿನ ಒಂದು ಆದೇಶ ಬಂತು. ಈ ವರ್ಷ ಮರೆವಿನ ನಂತರ ಎಲ್ಲರೂ ಹಲಗೆಯಿಂದಲೇ ಕಲಿಯತಕ್ಕದ್ದು. ಒಂಬತ್ತನೇ ದಿನದೊಳಗೆ ನೀರು ಬಂದರೆ ತರಬೇತಿ ಶಾಖೆಯನ್ನು ಮುಚ್ಚಿ, ಅಲ್ಲಿನವರನ್ನು ಮೀಟರ್ ಓದುವ ವಿಭಾಗಕ್ಕೆ ಹಾಕುವುದು. ನನಗೇನೂ ಅನ್ನಿಸಲಿಲ್ಲ, ಮೀಟರ್ ವಿಭಾಗದಲ್ಲಿ ಫ್ಯಾನಾದರೂ ತಿರುಗುತ್ತದೆ. ಆದರೆ ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದ ಸರ್ವಮಂಗಳಮ್ಮ ಅವತ್ತು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ. ಇಪ್ಪತ್ನಾಲ್ಕು ವರ್ಷ ಎಂಬತ್ತಾರು ಜನರ ಕೈಗೆ ಕೆಲಸ ವಾಪಸ್ಸು ಕೊಟ್ಟವರು ಇನ್ನು ಮನೆಮನೆಯ ಮೆಟ್ಟಿಲು ಹತ್ತಿ ಮೀಟರು ಓದಬೇಕಿತ್ತು.

ಆದರೂ ಅವರು ಹಲಗೆಯ ಕೆಲಸದಿಂದ ತಪ್ಪಿಸಿಕೊಳ್ಳಲಿಲ್ಲ. ಪಾಠಗಳ ಚಿತ್ರೀಕರಣಕ್ಕೆ ಜನರನ್ನು ಒಪ್ಪಿಸಿದವರು ಅವರೇ. ಕ್ಯಾಮೆರಾ ಹಿಡಿದವಳು ನಾನು. ಕೆಳಗಿನ ಬೀದಿಯ ನೀರಗಂಟಿ ಕೆಂಚಯ್ಯ ಹೊಸ ಅಂಗಿ ತೊಟ್ಟು ಬಂದಿದ್ದ. ಉದ್ದನೆಯ ಕಬ್ಬಿಣದ ಕೀಲಿಯನ್ನು ಗುಂಡಿಯೊಳಗಿನ ವಾಲ್ವಿಗೆ ಸಿಕ್ಕಿಸಿ, ಕ್ಯಾಮೆರಾ ನೋಡಿ ಹೇಳಿದ: “ಹಿಂಗೆ ಹಾಕೋದು, ಹಿಂಗೆ ತಿರುಗ್ಸೋದು, ಅಷ್ಟೇಯ. ಮಿಕ್ಕಿದ್ದು ಕೈಗೇ ಗೊತ್ತಾಯ್ತದೆ.” ನಾನು “ಚೆನ್ನಾಗಿ ಬಂತು ಕೆಂಚಣ್ಣ” ಎಂದೆ. ಪಂಪಿನ ಜೈನಬಿ ಇನ್ನೂ ಚುಟುಕಾಗಿ ಮುಗಿಸಿದಳು, “ಎಲ್ಲಾ ಸರಿ ಇದ್ಯಾ ನೋಡ್ಕೊಂಡು ಬಟನ್ ಒತ್ತಿ” ಎಂದು. ಎಂಬತ್ತಾರು ಪಾಠ ನಾಲ್ಕು ದಿನದಲ್ಲಿ ಮುಗಿದವು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಶಾಖೆಗೆ ಹೊಸ ಸುಣ್ಣ ಬಳಿದರು, ಗೋಡೆಯ ಹಾಳೆ ಹೋಗಿ ಆ ಜಾಗದಲ್ಲಿ ಸಾಹೇಬರ ಸೂಚನೆ ಬಂತು: ‘ತರಬೇತಿ ಶಾಖೆಯವರು ಹಲಗೆಗಳನ್ನು ಹಂಚತಕ್ಕದ್ದು. ಬೇರೇನನ್ನೂ ಮಾಡತಕ್ಕದ್ದಲ್ಲ.’ ಹಸಿರು ಟ್ರಂಕು ದಾಸ್ತಾನು ಕೋಣೆಗೆ ಹೋಯಿತು.

ಬುಧವಾರ ಸಂಜೆ ಪರವೂರಿನವರೆಲ್ಲ ಕೊನೆಯ ಬಸ್ಸಿಗೆ ಹೊರಟುಬಿಡುವುದು ವಾಡಿಕೆ. ಇಲ್ಲಿ ಮಲಗಿ ಎದ್ದವರು ಯಾರಾದರೂ ಸರಿ, ಅವರಿಗೂ ಮರೆಯುತ್ತದೆ. ಇಂಚರಾಳಿಗೆ ಎಲ್ಲರೂ ಹೇಳಿದೆವು. ಅವಳು ನಕ್ಕು, ಬೆಳಿಗ್ಗೆ ಮೊದಲ ನಕ್ಷತ್ರ ಬೀಳುವುದನ್ನು ನೋಡದೆ ಹೋಗುವುದಿಲ್ಲ ಎಂದಳು.

ಗುರುವಾರ ಬೆಳಿಗ್ಗೆ ನಾನು ಕಚೇರಿಗೆ ಹೋದಾಗ ಇಂಚರಾ ಹಲಗೆಯನ್ನು ತಲೆಕೆಳಗಾಗಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. “ಇದನ್ನ ಆನ್ ಮಾಡೋದು ಹೇಗೆ ಅಂತ ನಿಮಗೆ ಗೊತ್ತಾ?” ಎಂದು ನನ್ನನ್ನೇ ಕೇಳಿದಳು. ಹಲಗೆ ಬಳಸುವುದು ಹೇಗೆ ಎಂಬ ಪಾಠ ಹಲಗೆಯೊಳಗೇ ಇತ್ತು. ಕೊನೆಗೆ ಅವಳ ಕಂಪನಿಗೆ ಫೋನ್ ಮಾಡಿ, ಅಲ್ಲಿಯವರು ಒಂದೊಂದೇ ಹೆಜ್ಜೆ ಹೇಳಿಕೊಟ್ಟು, ಮಧ್ಯಾಹ್ನದ ಹೊತ್ತಿಗೆ ಹಲಗೆಗಳು ಬೆಳಗಿದವು. ಗೋಡೆಯ ಸೂಚನೆ ಓದಿಕೊಂಡು ನಾನೂ ಸರ್ವಮಂಗಳಮ್ಮನೂ ಹಂಚಿದೆವು. ನಾವು ಯಾರು, ನಮ್ಮ ಶಾಖೆ ಮುಚ್ಚುತ್ತದೆ, ಅದೆಲ್ಲ ಗೊತ್ತಿತ್ತು. ಏನು ಮಾಡುತ್ತಿದ್ದೆವು ಅನ್ನುವುದು ಗೊತ್ತಿರಲಿಲ್ಲ. ಟ್ರಂಕೊಂದಿತ್ತು ಎಂಬುದು ನನಗೆ ಹೊಳೆಯಲೇ ಇಲ್ಲ. ಕೆಲಸ ಮತ್ತೆ ಕೈಗೆ ಹತ್ತಿದ ಮೇಲೆ ಹಳೆಯದೆಲ್ಲ ಒಂದೊಂದಾಗಿ ವಾಪಸ್ಸು ಬರುತ್ತದೆ, ಅದಕ್ಕೇ ಈಗ ಹೇಳಲು ಸಾಧ್ಯವಾಗಿದೆ.

ಕೆಂಚಯ್ಯ ಹಲಗೆಯಲ್ಲಿ ತನ್ನನ್ನೇ ನೋಡಿದ. ಅಂಗಿ ಚೆನ್ನಾಗಿದೆ ಅಂದ. ‘ಮಿಕ್ಕಿದ್ದು ಕೈಗೇ ಗೊತ್ತಾಯ್ತದೆ’ ಎಂಬ ಮಾತು ಬಂದಾಗ ತನ್ನ ಕೈಯನ್ನು ಎತ್ತಿ ಹಿಂದೆ ಮುಂದೆ ನೋಡಿಕೊಂಡ. “ನನ್ ಕೈಗೆ ಏನೂ ಗೊತ್ತಾಗ್ತಾ ಇಲ್ವಲ್ಲವ್ವ,” ಎಂದ. ಪಾಠ ಮುಗಿದು ಅವನ ಹೆಸರಿಗೆ ನಕ್ಷತ್ರ ಬಿತ್ತು. ಇನ್ನೊಮ್ಮೆ ನೋಡಿದ, ಇನ್ನೊಂದು ನಕ್ಷತ್ರ ಬಿತ್ತು. ಎರಡನೇ ದಿನದ ಸಂಜೆಗೆ ಎಲ್ಲ ಶಾಖೆಗಳ ಪಟ್ಟಿಯೂ ನೂರಕ್ಕೆ ನೂರು ಹಸಿರಾಗಿತ್ತು. ಪಂಚಾಕ್ಷರಿ ಸಾಹೇಬರಿಗೂ ಇಂಜಿನಿಯರಿಕೆ ಮರೆತಿತ್ತು, ಆದರೆ ನೂರು ಅನ್ನುವುದನ್ನು ಓದಲು ಇಂಜಿನಿಯರಿಕೆ ಬೇಕಿಲ್ಲವಲ್ಲ, ಅವರು ಎಲ್ಲರಿಗೂ ಜಾಮೂನು ತರಿಸಿದರು.

ಮೂರನೇ ದಿನ ಜೈನಬಿ ಬಟನ್ ಒತ್ತಿದಳು. ಮೋಟರು ಗುಂಯ್‌ಗುಟ್ಟಿತು, ನೀರು ಏರಲಿಲ್ಲ, ಸುಟ್ಟ ವಾಸನೆ ಬಂದು ಆರಿಸಿದಳು. ನಾಲ್ಕನೇ ದಿನ ಕೆಂಚಯ್ಯ ವಾಲ್ವ್ ತಿರುಗಿಸಿದ. ಗುಂಡಿಯೊಳಗಿಂದ ಸುಯ್ ಎಂದು ಸದ್ದು ಬಂತು, ಪೈಪು ಒಡೆಯಿತೆಂದು ಹೆದರಿ ಮುಚ್ಚಿಬಿಟ್ಟ. ಐದನೇ ದಿನವೂ ಅದೇ. ಟ್ಯಾಂಕಿನ ನೀರು ಅರ್ಧಕ್ಕಿಂತ ಕೆಳಗಿಳಿಯಿತು, ನಲ್ಲಿಯ ಸಾಲಿನಲ್ಲಿ ಜಗಳ ಶುರುವಾಯಿತು. ಕೆಳಗಿನ ಬೀದಿಯಲ್ಲಿ ಹನ್ನೆರಡು ಹಾಸಿಗೆಯ ಹೆರಿಗೆ ಆಸ್ಪತ್ರೆಯಿದೆ. ಅಲ್ಲಿನ ಆಯಾಗಳು ದಿನಕ್ಕೆ ಇಪ್ಪತ್ತು ಸಲ ಏರು ಹತ್ತಿ ಬಂದು ಕೊಡ ತುಂಬಿಸಿಕೊಂಡು ಹೋಗುತ್ತಿದ್ದರು. ಹಲಗೆಯಲ್ಲಿ ಮಾತ್ರ ನೂರಕ್ಕೆ ನೂರು ಹಾಗೇ ಇತ್ತು.

ಆರನೇ ದಿನ ಬೆಳಿಗ್ಗೆ ಕೆಂಚಯ್ಯ ಮತ್ತೆ ಕೀಲಿ ಹೆಗಲ ಮೇಲಿಟ್ಟು ಹೊರಟ. ಸರ್ವಮಂಗಳಮ್ಮ ಮೇಜಿನ ಹಿಂದೆ ಸುಮ್ಮನೆ ಕೂತಿದ್ದವರು ಇದ್ದಕ್ಕಿದ್ದಂತೆ ಅಂದರು: “ಇವತ್ತೂ ಸುಯ್ ಅಂದ ತಕ್ಷಣ ಮುಚ್ಚಿಬಿಡ್ತಾನೆ.”

“ನಿನ್ನೆ ನೋಡಿದ್ರಲ್ಲ ಮೇಡಂ,” ಎಂದೆ.

“ನಿನ್ನೇದಲ್ಲ ಕಣೇ. ಹೋದ ವರ್ಷವೂ ಮುಚ್ಚಿದ್ದ. ಅದರ ಹಿಂದಿನ ವರ್ಷ ಮುಚ್ಚಿ, ಕೀಲಿ ಬಿಸಾಕಿ ಓಡಿಹೋಗಿದ್ದ. ಮೂರನೇ ಸಲಕ್ಕೆ ಸದ್ದು ನಿಲ್ಲೋವರೆಗೂ ಕಾದ, ಆಮೇಲೆ ನೀರು ಹೋಯ್ತು.” ಹೇಳಿ ಮುಗಿಸಿ ತಾವೇ ಬಾಯಿ ಮೇಲೆ ಕೈಯಿಟ್ಟುಕೊಂಡರು. “ವನಜಾ, ವಾಲ್ವ್ ಅಂದ್ರೇನು ಅಂತಲೇ ನಂಗೆ ಗೊತ್ತಿಲ್ಲ. ಇದು ಹೇಗೆ ಗೊತ್ತು?”

ಮರೆವಿನ ವಾರದಲ್ಲಿ ಹೀಗೆ ಯಾರಿಗಾದರೂ ಕೆಲಸದ ಸಂಗತಿ ನೆನಪಿದ್ದದ್ದನ್ನು ನಾನು ಕೇಳಿರಲಿಲ್ಲ. ಜೈನಬಿ ಎಲ್ಲಿ ಎಡವುತ್ತಾಳೆ, ಎಂದೆ. ಅವರು ಕಣ್ಣು ಮುಚ್ಚಿ ಹೇಳಿದರು. ಔಷಧಿ ಬೆರೆಸುವ ತಿಮ್ಮರಾಜು? ಅವನದ್ದೂ ಹೇಳಿದರು. ಎಂಬತ್ತಾರು ಜನರ ಎಡವುಗಳೂ ಅವರೊಳಗೆ ಇದ್ದವು. ಯಾರ ಕೆಲಸವೂ ಗೊತ್ತಿಲ್ಲ, ಎಲ್ಲರ ತಪ್ಪೂ ಗೊತ್ತು.

ಆಗ ನಾನು ಆಡಿದ ಮಾತು ಈಗಲೂ ನಾಚಿಕೆ ತರಿಸುತ್ತದೆ. ಬಾಗಿಲು ಮುಂದೆ ಮಾಡಿ ಹೇಳಿದೆ: “ಮೇಡಂ, ಸುಮ್ಮನಿದ್ದುಬಿಡಿ. ಹಲಗೆಯಲ್ಲಿ ಆಗಲೇ ನೂರಾಗಿದೆ. ಈಗ ನೀರು ಬಂದ್ರೆ ಅದರಿಂದಲೇ ಬಂತು ಅಂತಾರೆ. ಶಾಖೆ ಮುಚ್ಚುತ್ತೆ. ಬರದೆ ಹೋದ್ರೆ ನಿಮ್ಮನ್ನ ಹುಡುಕ್ಕೊಂಡು ಬರ್ತಾರೆ.”

ಸರ್ವಮಂಗಳಮ್ಮ ನನ್ನನ್ನು ನೋಡಿದರು. ಬೈಯಲಿಲ್ಲ. ಕಿಟಕಿಯಾಚೆ ಆಸ್ಪತ್ರೆಯ ಆಯಾ ಒಬ್ಬಳು ಕೊಡ ಇಳಿಸಿ ಸೊಂಟ ಹಿಡಿದು ನಿಂತಿದ್ದಳು. “ಅಲ್ಲಿವರೆಗೂ ಆ ಬಾಣಂತಿಯರಿಗೆ ಏನು ಕುಡಿಸ್ತೀಯ? ನಿನ್ನ ಶಾಖೇನಾ?” ಎಂದು ಕೇಳಿ, ಸೆರಗು ಸಿಕ್ಕಿಸಿಕೊಂಡು ಎದ್ದರು. ನಾನು ಅವರ ಹಿಂದೆ ಹೋದೆ, ಇಂಚರಾ ನಮ್ಮ ಹಿಂದೆ ಬಂದಳು.

ಮೊದಲು ಪಂಪಿನ ಮನೆಗೆ ಹೋದೆವು. ಜೈನಬಿ ಮೋಟರಿನ ಎದುರು ಮಂಡಿಯೂರಿ ಕೂತು ಅಳುತ್ತಿದ್ದಳು.

“ಪ್ರತಿ ವರ್ಷ ಹೀಗೇ ಜೈನಬಿ,” ಎಂದರು ಸರ್ವಮಂಗಳಮ್ಮ ಅವಳ ಪಕ್ಕದಲ್ಲೇ ಕೂತು. “ಮೊದಲು ಬಟನ್ ಒತ್ತುತೀಯ. ಬರೀ ಗುಂಯ್ ಅನ್ನುತ್ತೆ. ಅಳ್ತೀಯ. ಅತ್ತು ಮುಗಿದ ಮೇಲೆ ಕೊಡಪಾನ ಹುಡುಕ್ತೀಯ.”

“ಕೊಡಪಾನ ಯಾಕೆ ಮೇಡಂ?”

“ನಂಗೇನು ಗೊತ್ತಮ್ಮ? ಹೋದ ವರ್ಷ ಕೊಡಪಾನ ಸಿಗದೆ ನಮ್ಮ ಕಚೇರಿ ಡ್ರೈವರ್ ಊಟದ ಡಬ್ಬಿ ಕಿತ್ಕೊಂಡಿದ್ದೆ. ಅವನ ಚಿತ್ರಾನ್ನ ಪೇಪರ್ ಮೇಲೆ ಸುರಿದು ಬೈಸ್ಕೊಂಡಿದ್ದೆ.”

ಜೈನಬಿ ಅಳು ಮರೆತು ನಕ್ಕಳು. ನಾವು ನಾಲ್ವರೂ ಪಂಪಿನ ಸುತ್ತ ಬಗ್ಗಿ ನೋಡತೊಡಗಿದೆವು. ಪಂಪಿನ ನೆತ್ತಿಯ ಮೇಲೆ ಮುಚ್ಚಳವಿದ್ದ ಒಂದು ಸಣ್ಣ ಬಟ್ಟಲನ್ನು ಇಂಚರಾ ಕಂಡಳು. “ಇದರೊಳಗೆ ಏನಾದ್ರೂ ಸುರೀತಾರಾ?” ಎಂದಳು. ಕೊಡಪಾನದ ನೀರು ತಂದು ಸುರಿದೆವು. ಪಂಪು ಗಟಗಟನೆ ಕುಡಿಯಿತು. ಇನ್ನೂ ಕುಡಿಯಿತು. ಬಟ್ಟಲು ತುಂಬಿ ನಿಂತಾಗ ಜೈನಬಿ ಮುಚ್ಚಳ ಬಿಗಿದಳು. ಬಿಗಿಯುವಾಗ ಅವಳ ಬೆರಳುಗಳು ತಾವಾಗಿಯೇ ಇನ್ನೊಂದು ಸುತ್ತು ಹೆಚ್ಚು ತಿರುಗಿಸಿದವು. ಬಟನ್ ಒತ್ತಿದಳು. ಸದ್ದು ಬದಲಾಯಿತು. ಪೈಪು ತಣ್ಣಗಾಗತೊಡಗಿತು, ಅವಳು ಅದರ ಮೇಲೆ ಕೆನ್ನೆಯಿಟ್ಟು “ಏರ್ತಿದೆ ಮೇಡಂ, ಏರ್ತಿದೆ” ಎಂದು ಕೂಗಿದಳು.

ಅಲ್ಲಿಂದ ಕೆಳಗಿನ ಬೀದಿಗೆ ಬಂದಾಗ ಕೆಂಚಯ್ಯ ಗುಂಡಿಯ ಪಕ್ಕ ಕೂತು ಬೀಡಿ ಹಚ್ಚಿದ್ದ. ಸರ್ವಮಂಗಳಮ್ಮ ಅವನ ಪಕ್ಕ ನಿಂತು, “ಕೆಂಚಯ್ಯ, ಅದು ಸುಯ್ ಅನ್ನುತ್ತೆ. ನಿನಗೆ ಹೆದರಿಕೆ ಆಗುತ್ತೆ. ಆಗಲಿ. ಮುಚ್ಚಬೇಡ, ನಾನಿಲ್ಲೇ ಇರ್ತೀನಿ,” ಎಂದರು. ಅವನು ಕಾಲು ಸುತ್ತು ತಿರುಗಿಸಿದ. ಸುಯ್ ಎಂದಿತು. ಅವನು ಸರ್ವಮಂಗಳಮ್ಮನ ಮುಖ ನೋಡಿದ, ಹಾಗೇ ಹಿಡಿದುಕೊಂಡ. ಪೈಪಿನೊಳಗೆ ಸಿಕ್ಕಿಕೊಂಡಿದ್ದ ಗಾಳಿ ಹೋಗಲು ನಾವು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬೇಕಾಯಿತು. ಸದ್ದು ಸಣ್ಣಗಾಗಿ, ಗುಳುಗುಳು ಎಂದು, ನಿಂತಿತು. ಕೆಂಚಯ್ಯ ಇನ್ನೊಂದು ಕಾಲು ಸುತ್ತು ತಿರುಗಿಸಿದ, ಯಾರೂ ಹೇಳದೆಯೇ ತಿರುಗಿಸಿದ. ಆಸ್ಪತ್ರೆಯ ಅಂಗಳದ ನಲ್ಲಿ ಕೆಮ್ಮಿ, ಕೆಂಪಗೆ ಉಗುಳಿ, ಆಮೇಲೆ ಬೆಳ್ಳಗೆ ಸುರಿಯಿತು. ಆಯಾ ಕೊಡವನ್ನು ಅಲ್ಲೇ ಬಿಟ್ಟು ಒಳಗೋಡಿದಳು. ನನಗೆ ಅಳು ಬಂತು. ಯಾರಿಗೂ ಕಾಣದಂತೆ ಅತ್ತೆ ಎಂದು ಹೇಳುವುದಿಲ್ಲ, ಎಲ್ಲರಿಗೂ ಕಾಣುವಂತೆಯೇ ಅತ್ತೆ.

ಏಳು, ಎಂಟನೇ ದಿನ ಶಾಖೆಯ ಮುಂದೆ ಸಾಲು. ಒಬ್ಬೊಬ್ಬರಿಗೂ ಅವರವರ ತಪ್ಪನ್ನು ಸರ್ವಮಂಗಳಮ್ಮ ಹೇಳಿದರು, ಅವರವರು ಅದರ ಎಳೆ ಹಿಡಿದು ತಮ್ಮ ಕೆಲಸವನ್ನು ತಾವೇ ಹುಡುಕಿಕೊಂಡರು. ಸಾಹೇಬರೂ ಕೊನೆಗೆ ಬಂದು ನಿಂತರು. “ನೀವು ವರ್ಷವೂ ನಕ್ಷೆ ಉಲ್ಟಾ ಹಿಡಿದು ಅರ್ಧ ದಿನ ಕಳೀತೀರಿ ಸಾರ್,” ಎಂದರು ಸರ್ವಮಂಗಳಮ್ಮ. ಸಾಹೇಬರು ಕೈಯಲ್ಲಿದ್ದ ನಕ್ಷೆಯನ್ನು ಸದ್ದಿಲ್ಲದೆ ತಿರುಗಿಸಿಕೊಂಡರು. ಎಂಟನೇ ದಿನ ಸಂಜೆ ಊರಿಗೆಲ್ಲ ನೀರು ಬಂತು.

ನಾನು ಹೆದರಿದಂತೆಯೇ ಆಯಿತು. ಹಲಗೆಯ ಹಸಿರು ಪಟ್ಟಿ, ನಲ್ಲಿಯಲ್ಲಿ ನೀರು, ಎರಡನ್ನೂ ಜೋಡಿಸಿ ಮೇಲಿನವರಿಗೆ ವರದಿ ಸಿದ್ಧವಾಯಿತು. ಶಾಖೆ ಮುಚ್ಚುವ ಕಾಗದ ಸಾಹೇಬರ ಮೇಜಿಗೆ ಬಂತು. ಅದನ್ನು ತಡೆದವಳು ಇಂಚರಾ. ಕಂಪನಿಯವರಿಂದ ತನ್ನ ಕೆಲಸವನ್ನು ತಾನೇ ಮತ್ತೆ ಕೇಳಿ ಕಲಿತುಕೊಂಡಿದ್ದ ಹುಡುಗಿ ಸಾಹೇಬರ ಎದುರು ನಿಂತು, “ಸರ್, ಎರಡನೇ ದಿನವೇ ನೂರಾಗಿತ್ತು. ಆರನೇ ದಿನದವರೆಗೂ ಒಂದು ಹನಿ ಬರಲಿಲ್ಲ. ಆ ನೂರು ಯಾವುದರ ನೂರು ಅಂತ ನನಗೇ ಗೊತ್ತಿಲ್ಲ,” ಎಂದಳು. ತಾನು ಮಾರಲು ಬಂದ ಸಾಮಾನಿನ ಬಗ್ಗೆ ಹಾಗೆ ಹೇಳುವವರನ್ನು ನಾನು ಮೊದಲು ನೋಡಿದ್ದು ಅವತ್ತೇ. ಪಂಚಾಕ್ಷರಿ ಸಾಹೇಬರು ಹಸಿರು ಪಟ್ಟಿಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಆ ಕಾಗದವನ್ನು ಹರಿದರು. ಮೊದಲೇ ಹೇ‍ಳಿದೆನಲ್ಲ, ಒಳ್ಳೆಯ ಮನುಷ್ಯ.

ಅಷ್ಟು ಹೊತ್ತಿಗೆ ನಮಗೆಲ್ಲ ಹಳೆಯದು ನೆನಪಾಗತೊಡಗಿತ್ತು. ದಾಸ್ತಾನು ಕೋಣೆಯಿಂದ ಟ್ರಂಕು ತರಿಸಿ ಸಾಹೇಬರೇ ಪುಸ್ತಕಗಳನ್ನು ತೆರೆದರು. ಕೆಂಚಯ್ಯನ ಸುಯ್, ಜೈನಬಿಯ ಚಿತ್ರಾನ್ನ, ತಮ್ಮ ಉಲ್ಟಾ ನಕ್ಷೆ, ಎಲ್ಲ ಇದ್ದವು. ಪುಟದ ಮೂಲೆಯಲ್ಲಿ ದಿನಾಂಕ. ಇಂಚರಾ ಒಂದೊಂದೇ ಪುಟ ಮಗುಚುತ್ತ ಹೋಗಿ ನಿಂತಳು. “ಎಲ್ಲಾ ಭಾನುವಾರ,” ಎಂದಳು. ಇಪ್ಪತ್ನಾಲ್ಕು ವರ್ಷದ ಪ್ರತಿ ಪುಟವನ್ನೂ ಸರ್ವಮಂಗಳಮ್ಮ ರಜೆಯ ದಿನ ಮನೆಯಲ್ಲಿ ಕೂತು ಬರೆದಿದ್ದರು. ಅದಕ್ಕೆ ಯಾರೂ ಅವರಿಗೆ ಚಿಕ್ಕಾಸು ಕೊಟ್ಟಿರಲಿಲ್ಲ. ಪ್ರತಿ ಮರೆವಿನ ಗುರುವಾರವೂ ಪುಸ್ತಕ ನೋಡಿ ಹೇಳುತ್ತಿದ್ದೇನೆ ಎಂದು ಅವರೇ ನಂಬಿದ್ದರು. ಪುಸ್ತಕ ಇಲ್ಲದ ವರ್ಷ ಬರುವವರೆಗೂ ಅದು ಅವರೊಳಗೇ ಇದೆಯೆಂದು ಅವರಿಗೂ ಗೊತ್ತಿರಲಿಲ್ಲ.

ಸಾಹೇಬರ ಕಣ್ಣು ತುಂಬಿ ಬಂತು. ಅಲ್ಲೇ ಒಂದು ಹಾಳೆ ಎಳೆದುಕೊಂಡು ಈ ಪುಸ್ತಕ ಬರೆಯುವ ಕೆಲಸಕ್ಕೆ ಸರ್ವಮಂಗಳಮ್ಮನವರಿಗೆ ಪ್ರತ್ಯೇಕ ಭತ್ಯೆ ಕೊಡತಕ್ಕದ್ದು ಎಂದು ಆದೇಶ ಬರೆದರು. ಮನಸಾರೆ ಬರೆದರು, ರುಜು ಹಾಕಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಸರ್ವಮಂಗಳಮ್ಮ ಓದಿದರು. ಕನ್ನಡಕ ಹಣೆಗೇರಿಸಿದರು.

“ಬೇಡ ಸಾರ್,” ಎಂದರು. “ಕೊಟ್ಟರೆ ಮರೆತುಬಿಡ್ತೀನಿ.”

ಹಲಗೆಯನ್ನು ನಾವು ವಾಪಸ್ಸು ಕಳಿಸಲಿಲ್ಲ. ಅದು ಕೆಟ್ಟ ಸಾಮಾನೇನೂ ಅಲ್ಲ, ತಪ್ಪು ಜನರನ್ನು ಕೇಳಿ ಮಾಡಿದ್ದರು ಅಷ್ಟೇ. ಯುಗಾದಿ ಕಳೆದ ಮೇಲೆ ಇಂಚರಾ ಒಂದು ದಪ್ಪ ನೋಟುಬುಕ್ಕು ಹಿಡಿದು ಮತ್ತೆ ಬಂದಳು. ಸರ್ವಮಂಗಳಮ್ಮನ ಎದುರು ಸ್ಟೂಲಿನ ಮೇಲೆ ಕೂತು, “ಕಲಿಸೋರಿಗೆ ಏನು ಬೇಕು, ಹೇಳಿ ಮೇಡಂ” ಎಂದಳು. ಅಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಸರ್ವಮಂಗಳಮ್ಮನಿಗೆ ಉತ್ತರ ಶುರುಮಾಡಲು ಒಂದು ದಿನ ಹಿಡಿಯಿತು, ಮುಗಿಸಲು ಒಂದು ತಿಂಗಳು. ಪಾಠಗಳನ್ನು ಬಲ್ಲವರ ಬಾಯಲ್ಲಿ ಹೇಳಿಸಬೇಡಿ, ಆಗಷ್ಟೇ ಕಲಿತವರ ಬಾಯಲ್ಲಿ ಹೇಳಿಸಿ ಎಂದರು. ಪಂಪಿನ ಮನೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಅಲ್ಲೂ ನಡೆಯಬೇಕು ಎಂದರು. ಪಾಠ ತಪ್ಪಾಗಿದ್ದರೆ ನಾವೇ ತಿದ್ದಲು ಬರಬೇಕು, ಅದಕ್ಕೆ ಪರವೂರಿಗೆ ಅರ್ಜಿ ಹಾಕಿ ಕಾಯುವಂತಾಗಬಾರದು ಎಂದರು. ಈಗ ಹಲಗೆಯ ಪ್ರತಿ ಪಾಠದ ಕೆಳಗೂ ಒಂದು ಕೆಂಪು ಗುಂಡಿಯಿದೆ, ‘ಇಲ್ಲಿ ಸಿಕ್ಕಿಕೊಂಡೆ’ ಎಂದು. ಯಾರು ಒತ್ತಿದರೂ ಶಾಖೆಯಲ್ಲಿ ಗಂಟೆ ಹೊಡೆದುಕೊಳ್ಳುತ್ತದೆ, ನಮ್ಮಲ್ಲಿ ಒಬ್ಬರು ಎದ್ದು ಅಲ್ಲಿಗೆ ಹೋಗುತ್ತೇವೆ. ನಕ್ಷತ್ರಗಳನ್ನು ಇಂಚರಾ ತೆಗೆದುಹಾಕಿದಳು. ಕೆಂಚಯ್ಯ ಮಾತ್ರ ಹಟ ಮಾಡಿ ತನ್ನದನ್ನು ಉಳಿಸಿಕೊಂಡ.

ಆ ಭಾದ್ರಪದದಲ್ಲಿ ಸರ್ವಮಂಗಳಮ್ಮ ನಿವೃತ್ತರಾದರು. ಹೋಗುವಾಗ ಟ್ರಂಕಿನ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟರು, ಜೊತೆಗೆ ಗೆರೆ ಹಾಕಿದ ಹೊಸ ಪುಸ್ತಕವೊಂದನ್ನು. ಭಾನುವಾರ ಮಧ್ಯಾಹ್ನದ ನಿದ್ದೆ ನನಗೆ ಬಹಳ ಪ್ರಿಯವಾದದ್ದು, ಇದು ಮನೆಯವರಿಗೆಲ್ಲ ಗೊತ್ತು. ಮೊದಲ ಭಾನುವಾರ ಗೊಣಗಿಕೊಂಡೇ ಹಳೆಯ ಪುಸ್ತಕ ತೆರೆದು ಕೂತೆ. ಕೆಂಚಯ್ಯನ ಇಪ್ಪತ್ನಾಲ್ಕು ಪುಟ ಓದಿ, ನಾನು ಆ ವರ್ಷ ಕಣ್ಣಾರೆ ಕಂಡದ್ದನ್ನು ಇಪ್ಪತ್ತೈದನೇ ಪುಟವಾಗಿ ಬರೆದೆ. ಮುಂದಿನ ಭಾನುವಾರ ಜೈನಬಿ. ಆಮೇಲೆ ಯಾವಾಗ ಗೊಣಗುವುದು ಬಿಟ್ಟೆನೋ ತಿಳಿಯಲಿಲ್ಲ.

ಮೊನ್ನೆ ಮತ್ತೆ ಆ ಗುರುವಾರ ಬಂತು. ಎದ್ದೆ, ಕಚೇರಿಗೆ ಹೋದೆ, ಮೇಜು ನನ್ನದೆಂದು ಗೊತ್ತಿತ್ತು, ಅದರ ಮುಂದೆ ಕೂತು ಏನು ಮಾಡುವುದೆಂದು ಗೊತ್ತಿರಲಿಲ್ಲ. ಗೋಡೆಗೆ ಮತ್ತೆ ಅಂಟಿಸಿದ್ದ ಹಳೆಯ ಹಾಳೆಯಲ್ಲಿ ಬರೆದಿದ್ದಂತೆ ಮೊದಲು ಕಾಫಿ ಕುಡಿದೆ. ಎದುರಿನ ಅಂಗಳದಲ್ಲಿ ಟ್ಯಾಂಕಿನ ನಲ್ಲಿಯ ಸಾಲು ನಿಂತಿತ್ತು, ಆ ಸಾಲಿನಲ್ಲಿ ಕೊಡ ಹಿಡಿದು ಸರ್ವಮಂಗಳಮ್ಮನೂ ನಿಂತಿದ್ದರು. ಒಬ್ಬ ಮನುಷ್ಯ ಉದ್ದನೆಯ ಕಬ್ಬಿಣದ ಸಲಾಕೆಯೊಂದನ್ನು ಕೈಯಲ್ಲಿ ಹಿಡಿದು, ಅದನ್ನೇ ನೋಡುತ್ತ ಮೆಟ್ಟಿಲ ಹತ್ತಿರ ನಿಂತ. ಕೆಂಚಯ್ಯ. ಆ ಸಲಾಕೆ ಏತಕ್ಕೆ, ಅದನ್ನು ಎಲ್ಲಿಗೆ ಸಿಕ್ಕಿಸುತ್ತಾರೆ, ದೇವರಾಣೆ ನನಗೆ ತಿಳಿದಿರಲಿಲ್ಲ. ಆದರೂ ಕಿಟಕಿಯಿಂದ ತಲೆ ಹಾಕಿ ಕೂಗಿದೆ:

“ಕೆಂಚಣ್ಣ, ಅದು ಸುಯ್ ಅನ್ನುತ್ತೆ. ಮುಚ್ಚಬೇಡಿ, ನಾನು ಬರ್ತೀನಿ ಇರಿ.”

ಸಾಲಿನಲ್ಲಿದ್ದ ಸರ್ವಮಂಗಳಮ್ಮ ತಿರುಗಿ ನೋಡಿದರು. ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು, ಸಾಲಿನ ಜೊತೆ ಒಂದು ಹೆಜ್ಜೆ ಮುಂದೆ ಹೋದರು.